ಸಮುದ್ರ ವಿಹಾರಯಾನ: ಟಿಕೇಟು ಎಂಬ ಕರಾರನ್ನು ಓದುವುದು ಹೇಗೆ?

ವರ್ಷದ ಮಾರಾಟದ ಗುರಿ ಮುಟ್ಟಿದ ವ್ಯಾಪಾರಿಗಳಿಗೆ ತಯಾರಕರು ಬೆಳ್ಳಿಯ ದೀಪವನ್ನೋ ಕೈಗಡಿಯಾರವನ್ನೋ ನೀಡಿ ಗೌರವಿಸುತ್ತಿದ್ದ ಕಾಲವೊಂದಿತ್ತು. ಮುಂದೆ ಆ ಸ್ಥಾನಕ್ಕೆ ಬ್ಯಾಂಕಾಕ್, ಸಿಂಗಪುರಗಳ ವಿಮಾನ ಪ್ರವಾಸ ಬಂದಿತು. ಈಗ ಅದೇ ಸಾಲಿಗೆ ಹಡಗಿನ ವಿಹಾರಯಾನ, ಅಂದರೆ ‘ಕ್ರೂಸ್’, ಸೇರಿಕೊಂಡಿದೆ. ಡೀಲರುಗಳ ಪ್ರೋತ್ಸಾಹಕ ಪ್ರವಾಸಕ್ಕೆ ಮಾತ್ರವಲ್ಲದೆ ವಿವಾಹದ ಬೆಳ್ಳಿಹಬ್ಬ, ವಯಸ್ಸಾದ ತಂದೆ-ತಾಯಿಯರ ವಿಶ್ರಾಂತಿ, ಮಕ್ಕಳ ಬೇಸಿಗೆ ರಜೆ ಮುಂತಾದ ಸಂದರ್ಭಗಳಿಗೂ ವರ್ತಕ ಕುಟುಂಬಗಳು ಹಡಗನ್ನು ಆರಿಸಿಕೊಳ್ಳುತ್ತಿವೆ.

ಆದರೆ ಒಂದು ವಿಚಿತ್ರ ಸಂಗತಿಯನ್ನು ಇಲ್ಲಿ ಗಮನಿಸಬೇಕು. ಹತ್ತು ಸಾವಿರ ರೂಪಾಯಿಯ ಸರಕಿನ ಆರ್ಡರಿನಲ್ಲಿಯೂ ಸಾಗಣೆ ಯಾರದು, ವಿಮೆ ಯಾರದು, ಮಾಲು ಕೆಟ್ಟರೆ ನಷ್ಟ ಯಾರದು ಎಂದು ಕೇಳಿಯೇ ಸಹಿ ಹಾಕುವ ವ್ಯಾಪಾರಿ, ಹಡಗು ಪ್ರವಾಸಕ್ಕೆ ಲಕ್ಷಗಟ್ಟಲೆ ಹಣ ಕಟ್ಟುವಾಗ ಬಣ್ಣದ ಕರಪತ್ರವೊಂದನ್ನೇ ನಂಬಿಬಿಡುತ್ತಾನೆ. ಹಡಗಿನ ಟಿಕೇಟು ಕೇವಲ ಹಣ ಸಂದಾಯದ ರಸೀದಿಯಾಗಿರುವುದಿಲ್ಲ. ಅದರ ಹಿಂದೆ ಹತ್ತಾರು ಪುಟಗಳ ಪ್ರಯಾಣಿಕ ಕರಾರು ಇರುತ್ತದೆ. ಹಣ ಕಟ್ಟಿದೊಡನೆ ಪ್ರಯಾಣಿಕನು ಅದಕ್ಕೆ ಬದ್ಧನಾಗುತ್ತಾನೆ. ವಿಳಂಬ, ಹವಾಮಾನ, ಕಾಯಿಲೆ, ವೀಸಾ ಇತ್ಯಾದಿಗಳಿಂದ ಉಂಟಾಗುವ ನಷ್ಟದ ಹೆಚ್ಚಿನ ಪಾಲನ್ನು ಈ ಕರಾರು ಪ್ರಯಾಣಿಕನ ಲೆಕ್ಕಕ್ಕೇ ಬರೆದಿರುತ್ತದೆ. ಆ ಪಾಲು ಎಷ್ಟು, ಅದನ್ನು ಮೊದಲೇ ತಗ್ಗಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಡಗಿನ ಆದಾಯದ ಮೂಲ

ಅಂತರರಾಷ್ಟ್ರೀಯ ಕ್ರೂಸ್ ಕಂಪನಿಗಳ ಸಂಘಟನೆಯಾದ ‘ಕ್ಲಿಯಾ’ದ ಅಂಕಿಗಳಂತೆ, 2019ರಲ್ಲಿ ಸುಮಾರು 2.97 ಕೋಟಿ ಜನರು ಸಾಗರ ವಿಹಾರ ಕೈಗೊಂಡಿದ್ದರು. ಕೋವಿಡ್ ಕಾಲದಲ್ಲಿ ನೆಲಕಚ್ಚಿದ್ದ ಈ ಉದ್ಯಮ 2023ರಲ್ಲಿ 3.17 ಕೋಟಿ ಪ್ರಯಾಣಿಕರನ್ನು ಕಂಡು ಹಳೆಯ ಮಟ್ಟವನ್ನು ದಾಟಿತು. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕಾನ್ ಆಫ್ ದ ಸೀಸ್’ ಸುಮಾರು 365 ಮೀಟರ್ ಉದ್ದವಿದ್ದು, ಗರಿಷ್ಠ 7,600 ಪ್ರಯಾಣಿಕರಿಗೂ ಸುಮಾರು 2,350 ಸಿಬ್ಬಂದಿಗೂ ಸ್ಥಳ ಹೊಂದಿದೆ. ಇದು ಒಂದು ಸಣ್ಣ ಪಟ್ಟಣದ ಜನಸಂಖ್ಯೆಗೆ ಸಮ.

ಇಷ್ಟು ದೊಡ್ಡ ಹಡಗಿನಲ್ಲಿ ಊಟ, ವಸತಿ, ಮನರಂಜನೆ ಎಲ್ಲವನ್ನೂ ಭೂಮಿಯ ಮೇಲಿನ ಹೋಟೆಲಿಗಿಂತ ಕಡಿಮೆ ದರದಲ್ಲಿ ಒದಗಿಸುವುದು ಹೇಗೆ ಸಾಧ್ಯ? ಇದಕ್ಕೆ ಉತ್ತರ ಕಂಪನಿಗಳ ಲಾಭ-ನಷ್ಟ ಪತ್ರಿಕೆಯಲ್ಲಿದೆ. ಉದಾಹರಣೆಗೆ, ಕಾರ್ನಿವಲ್ ಕಂಪನಿಯ 2023ರ ಆರ್ಥಿಕ ವರ್ಷದ ಒಟ್ಟು ಆದಾಯ ಸುಮಾರು 2,160 ಕೋಟಿ ಡಾಲರ್. ಅದರಲ್ಲಿ ಸುಮಾರು ಮೂರನೆಯ ಒಂದು ಭಾಗ ಟಿಕೇಟಿನಿಂದ ಬಂದುದಲ್ಲ, ಹಡಗಿನೊಳಗಿನ ಮಾರಾಟ ಹಾಗೂ ಇತರ ಬಾಬುಗಳಿಂದ ಬಂದುದು. ಪಾನೀಯ, ಕ್ಯಾಸಿನೊ, ಅಂಗಡಿ, ಇಂಟರ್‌ನೆಟ್, ಸ್ಪಾ, ಬಂದರಿನ ವಿಹಾರ ಇವೆಲ್ಲ ಇದರಲ್ಲಿ ಸೇರುತ್ತವೆ. ಅಂದರೆ ಕಡಿಮೆ ಟಿಕೇಟು ದರವು ಗಿರಾಕಿಯನ್ನು ಅಂಗಡಿಯೊಳಗೆ ಕರೆತರುವ ಬೆಲೆ. ನಿಜವಾದ ವ್ಯಾಪಾರ ಆಮೇಲೆ ನಡೆಯುತ್ತದೆ. ವ್ಯಾಪಾರಿಗೆ ಈ ತಂತ್ರವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ನಿಜವಾದ ವೆಚ್ಚದ ಲೆಕ್ಕ

ಜಾಹೀರಾತಿನ ದರವು ಸಾಮಾನ್ಯವಾಗಿ ಒಂದು ಕೊಠಡಿಯಲ್ಲಿ ಇಬ್ಬರು ಇರುತ್ತಾರೆಂಬ ಆಧಾರದ ಮೇಲೆ ತಲಾ ದರವಾಗಿರುತ್ತದೆ. ಒಬ್ಬರೇ ಹೋದರೆ ಅನೇಕ ವೇಳೆ ಎರಡನೆಯವರ ದರವನ್ನೂ ತೆರಬೇಕಾಗುತ್ತದೆ. ಇದಲ್ಲದೆ ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಟಿಪ್ಸ್ ಬೇರೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಟಿಪ್ಸ್ ಬಾಬಿಗೆ ಪ್ರತಿಯೊಬ್ಬರಿಗೆ ದಿನವೊಂದಕ್ಕೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಖಾತೆಗೆ ಖರ್ಚು ಬೀಳುತ್ತದೆ. ಮಕ್ಕಳಿಗೂ ಇದು ಅನ್ವಯಿಸುವುದುಂಟು.

ಕೇವಲ ವಿವರಣೆಗಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. ದಂಪತಿಗಳಿಬ್ಬರ 7 ರಾತ್ರಿಗಳ ಯಾನಕ್ಕೆ ತಲಾ 700 ಡಾಲರಿನಂತೆ ಮೂಲ ದರ 1,400 ಡಾಲರ್ ಎಂದಿಟ್ಟುಕೊಳ್ಳೋಣ. ಬಂದರು ಶುಲ್ಕ ಮತ್ತು ತೆರಿಗೆ ತಲಾ 150ರಂತೆ 300, ಟಿಪ್ಸ್ ದಿನಕ್ಕೆ ತಲಾ 18ರಂತೆ 252, ಇಂಟರ್‌ನೆಟ್ ದಿನಕ್ಕೆ 20ರಂತೆ 140, ಮೂರು ಬಂದರುಗಳಲ್ಲಿ ತಲಾ 80 ಡಾಲರಿನ ವಿಹಾರಕ್ಕೆ 480. ಹೀಗೆ ಹೆಚ್ಚುವರಿ ಮೊತ್ತ 1,172 ಡಾಲರ್, ಅಂದರೆ ಮೂಲ ದರದ ಶೇಕಡ 80ಕ್ಕೂ ಮೀರಿದ ಹಣ. ವಿಮಾನ, ವೀಸಾ, ವಿಮೆ, ಯಾನದ ಹಿಂದಿನ ರಾತ್ರಿಯ ಹೋಟೆಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆದುದರಿಂದ ಎರಡು ಕಂಪನಿಗಳ ದರಗಳನ್ನು ತುಲನೆ ಮಾಡುವಾಗ ಮೂಲ ದರಗಳನ್ನು ಹೋಲಿಸದೆ, ಎಲ್ಲ ಬಾಬುಗಳನ್ನೂ ಸೇರಿಸಿದ ಅಂತಿಮ ಮೊತ್ತವನ್ನೇ ಹೋಲಿಸತಕ್ಕದ್ದು.

ಹಡಗಿನೊಳಗೆ ನಗದು ವ್ಯವಹಾರ ವಿರಳ. ಕೊಠಡಿಯ ಕಾರ್ಡನ್ನೇ ಎಲ್ಲೆಡೆ ತೋರಿಸಬೇಕಾಗಿದ್ದು, ಖರ್ಚು ಕಾಗದದ ಮೇಲಷ್ಟೇ ಬೆಳೆಯುತ್ತ ಹೋಗುತ್ತದೆ. ಅಂಗಡಿಯ ದಿನವಹಿಯನ್ನು ಪ್ರತಿ ರಾತ್ರಿ ನೋಡುವಂತೆಯೇ ಈ ಖಾತೆಯನ್ನೂ ಪ್ರತಿದಿನ ನೋಡುವುದು ಒಳಿತು. ತಪ್ಪು ನಮೂದುಗಳನ್ನು ಇಳಿಯುವ ದಿನದ ಬೆಳಗಿನ ಜನಸಂದಣಿಯಲ್ಲಿ ಸರಿಪಡಿಸಿಕೊಳ್ಳುವುದು ಕಷ್ಟ. ದೂರವಾಣಿಯ ವಿಷಯವೂ ಹೀಗೆಯೇ. ನಡುಸಮುದ್ರದಲ್ಲಿ ಮೊಬೈಲು ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಳ್ಳುತ್ತದೆ. ಆಯಾ ದೇಶಕ್ಕೆಂದು ಕೊಂಡ ಸಾಮಾನ್ಯ ರೋಮಿಂಗ್ ಪ್ಯಾಕು ಬಹುತೇಕ ಅಲ್ಲಿ ಅನ್ವಯಿಸುವುದಿಲ್ಲ. ಹಡಗು ಹೊರಟೊಡನೆ ಮೊಬೈಲನ್ನು ‘ಏರೋಪ್ಲೇನ್ ಮೋಡ್’ನಲ್ಲಿಟ್ಟರೆ ದೊಡ್ಡ ಬಿಲ್ಲು ತಪ್ಪುತ್ತದೆ.

ವಿದೇಶ ಪ್ರವಾಸ ಪ್ಯಾಕೇಜಿನ ಮೇಲೆ ಮೂಲದಲ್ಲಿ ವಸೂಲಾಗುವ ತೆರಿಗೆಯನ್ನೂ, ಅಂದರೆ ಟಿಸಿಎಸ್ ಅನ್ನೂ, ಗಮನದಲ್ಲಿಡಬೇಕು. ಇದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. 2023ರ ಅಕ್ಟೋಬರ್ 1ರಿಂದ 7 ಲಕ್ಷ ರೂಪಾಯಿಯವರೆಗೆ ಶೇಕಡ 5, ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಶೇಕಡ 20 ಎಂದು ನಿಗದಿಯಾಯಿತು. ಬಜೆಟ್ಟುಗಳಲ್ಲಿ ಈ ದರ ಬದಲಾಗುವುದರಿಂದ ಹಣ ಕಟ್ಟುವ ದಿನ ಜಾರಿಯಲ್ಲಿರುವ ದರವನ್ನೇ ವಿಚಾರಿಸಬೇಕು. ಈ ಮೊತ್ತ ಖರ್ಚಲ್ಲ. ಪ್ಯಾನ್ ಸರಿಯಾಗಿ ನಮೂದಾಗಿದ್ದರೆ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಜಮಾ ದೊರೆಯುತ್ತದೆ. ಆದರೆ ಅಲ್ಲಿಯವರೆಗೆ ಆ ಹಣ ವ್ಯಾಪಾರಕ್ಕೆ ಸಿಗುವುದಿಲ್ಲ.

ತಕರಾರು ಬಂದರೆ ನ್ಯಾಯಾಲಯ ಯಾವುದು?

ಪ್ರಯಾಣಿಕ ಕರಾರಿನಲ್ಲಿ ಅತಿ ಮುಖ್ಯವಾದ ಕಲಮು ಯಾವ ಊರಿನ ನ್ಯಾಯಾಲಯ ಎಂಬುದು. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ‘ಕಾರ್ನಿವಲ್ ಕ್ರೂಸ್ ಲೈನ್ಸ್ ವಿರುದ್ಧ ಶೂಟ್’ ಪ್ರಕರಣದಲ್ಲಿ ನೀಡಿದ ತೀರ್ಪು ಇಂದಿಗೂ ಉಲ್ಲೇಖಗೊಳ್ಳುತ್ತದೆ. ವಾಷಿಂಗ್ಟನ್ ರಾಜ್ಯದ ಪ್ರಯಾಣಿಕಳೊಬ್ಬಳು ಮೆಕ್ಸಿಕೊ ಕರಾವಳಿಯಾಚೆ ಹಡಗಿನಲ್ಲಿ ಜಾರಿ ಬಿದ್ದು ಗಾಯಗೊಂಡಳು. ತನ್ನ ರಾಜ್ಯದಲ್ಲಿ ದಾವೆ ಹೂಡಿದಳು. ಆದರೆ ಟಿಕೇಟಿನಲ್ಲಿ, ಎಲ್ಲ ವ್ಯಾಜ್ಯಗಳೂ ಫ್ಲಾರಿಡಾದ ನ್ಯಾಯಾಲಯದಲ್ಲೇ ನಡೆಯತಕ್ಕದ್ದು ಎಂದು ಮುದ್ರಿತವಾಗಿತ್ತು. ಪ್ರಯಾಣಿಕಳು ಆ ಕಲಮಿನ ಬಗೆಗೆ ಚೌಕಾಸಿ ಮಾಡುವ ಸ್ಥಿತಿಯಲ್ಲಿರಲಿಲ್ಲ ಎಂಬ ವಾದವನ್ನು ಒಪ್ಪದೆ ನ್ಯಾಯಾಲಯವು ಆ ಕಲಮನ್ನು ಎತ್ತಿಹಿಡಿಯಿತು. ಅಮೆರಿಕದ ಕಂಪನಿಗಳ ಕರಾರುಗಳಲ್ಲಿ, ದೇಹಕ್ಕೆ ಗಾಯವಾದರೆ 6 ತಿಂಗಳೊಳಗೆ ಲಿಖಿತ ನೋಟೀಸು, 1 ವರ್ಷದೊಳಗೆ ದಾವೆ ಎಂಬ ಗಡುವೂ ಸಾಮಾನ್ಯವಾಗಿರುತ್ತದೆ.

ಸ್ವಂತ ದೇಶದವರಿಗೇ ಈ ಕಷ್ಟವಾದರೆ ಹುಬ್ಬಳ್ಳಿಯ ಅಥವಾ ದಾವಣಗೆರೆಯ ವರ್ತಕನು ಮಯಾಮಿಯಲ್ಲಿ ದಾವೆ ನಡೆಸುವುದು ಕನಸಿನ ಮಾತು. ಇದಕ್ಕೆ ಪ್ರಾಯೋಗಿಕ ಪರಿಹಾರವೊಂದಿದೆ. ಭಾರತದಲ್ಲಿ ನೋಂದಾಯಿತವಾದ ಏಜೆಂಟರ ಮೂಲಕ, ಜಿಎಸ್‌ಟಿ ಬಿಲ್ಲು ಪಡೆದು ಪ್ರವಾಸವನ್ನು ಕೊಂಡಾಗ, ಸೇವೆಯ ಕೊರತೆಗಾಗಿ ಆ ಏಜೆಂಟರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಸಲ್ಲಿಸಲು ಮಾರ್ಗವಿರುತ್ತದೆ. ಈ ಕಾಯ್ದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಆದರೆ ವಾಣಿಜ್ಯ ಉದ್ದೇಶದ ಖರೀದಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ಸಂಸ್ಥೆಯು ಡೀಲರುಗಳಿಗಾಗಿ ಕೊಂಡ ಪ್ರವಾಸದ ಬಗೆಗೆ ಆಕ್ಷೇಪಣೆ ಏಳಬಹುದು. ಅಂತಹ ಸಂದರ್ಭದಲ್ಲಿ ಏಜೆಂಟರೊಡನೆ ಪ್ರತ್ಯೇಕ ಲಿಖಿತ ಒಪ್ಪಂದ ಮಾಡಿಕೊಂಡು, ಯಾನ ರದ್ದಾದರೆ ಹಣ ಎಷ್ಟು ದಿನಗಳಲ್ಲಿ ಮರಳುವುದು ಎಂಬುದನ್ನು ಅದರಲ್ಲಿ ಕಾಣಿಸುವುದು ಉಚಿತ.

ಕಂಪನಿಯ ಆರ್ಥಿಕ ಸ್ಥಿತಿ

ಹಡಗು ಪ್ರವಾಸಕ್ಕೆ ಪೂರ್ಣ ಹಣವನ್ನು ಸಾಮಾನ್ಯವಾಗಿ ಹೊರಡುವ 2ರಿಂದ 4 ತಿಂಗಳ ಮೊದಲೇ ಕಟ್ಟಬೇಕಾಗುತ್ತದೆ. ಅಲ್ಲಿಂದ ಮುಂದೆ ಪ್ರಯಾಣಿಕನು ಆ ಕಂಪನಿಗೆ ಭದ್ರತೆಯಿಲ್ಲದೆ ಸಾಲ ಕೊಟ್ಟವನಂತೆಯೇ. ನಮ್ಮ ದೇಶದಲ್ಲಿಯೇ 2019ರ ಏಪ್ರಿಲಿನಲ್ಲಿ ‘ಕರ್ಣಿಕಾ’ ಎಂಬ ಹಡಗಿನೊಂದಿಗೆ ಯಾನ ಆರಂಭಿಸಿದ ಜಲೇಶ್ ಕ್ರೂಸಸ್, ಕೋವಿಡ್ ಹೊಡೆತದಿಂದ 2020ರ ಅಕ್ಟೋಬರಿನಲ್ಲಿ ಮುಚ್ಚಿಹೋಯಿತು. ಆ ಹಡಗು ಒಡೆಯಲ್ಪಡಲು ಅಲಂಗಿಗೆ ಸೇರಿತು. ಸಿಂಗಪುರದ ಯಾನಗಳ ಮೂಲಕ ಭಾರತೀಯರಿಗೆ ಪರಿಚಿತವಾಗಿದ್ದ ಡ್ರೀಮ್ ಕ್ರೂಸಸ್‌ನ ಒಡೆತನ ಹೊಂದಿದ್ದ ಗೆಂಟಿಂಗ್ ಹಾಂಗ್‌ಕಾಂಗ್ 2022ರ ಜನವರಿಯಲ್ಲಿ ಸಮಾಪನೆಗೆ ಅರ್ಜಿ ಸಲ್ಲಿಸಿತು. ಅದೇ ತಿಂಗಳು ಅದೇ ಸಮೂಹದ ‘ಕ್ರಿಸ್ಟಲ್ ಸಿಂಫನಿ’ ಹಡಗಿನ ಇಂಧನದ ಬಾಕಿಗಾಗಿ ಅಮೆರಿಕದ ನ್ಯಾಯಾಲಯವು ಜಫ್ತಿ ಆದೇಶ ಹೊರಡಿಸಿತು. ಹಡಗು ಮಯಾಮಿಗೆ ಹೋಗದೆ ಬಹಾಮಾಸಿನ ಬಿಮಿನಿಗೆ ತಿರುಗಿತು. ಪ್ರಯಾಣಿಕರನ್ನು ಬೇರೆ ದೋಣಿಯಲ್ಲಿ ಫ್ಲಾರಿಡಾಕ್ಕೆ ಸಾಗಿಸಬೇಕಾಯಿತು.

ಉದ್ದರಿ ಕೊಡುವ ಮುನ್ನ ಗಿರಾಕಿಯ ಯೋಗ್ಯತೆ ವಿಚಾರಿಸುವ ವ್ಯಾಪಾರಿಯು ಇಲ್ಲಿಯೂ ಅದೇ ನಿಯಮವನ್ನು ಪಾಲಿಸತಕ್ಕದ್ದು. ಅಸಾಧಾರಣ ರಿಯಾಯಿತಿಗೆ ಪೂರ್ಣ ಹಣವನ್ನು ವರ್ಷಕ್ಕೆ ಮೊದಲೇ ಕೇಳುವ ಯೋಜನೆಗಳು ಅಗ್ಗಕ್ಕೆ ಆಸೆಪಟ್ಟು ಮುಗ್ಗಿದ ಜೋಳ ಕೊಂಡಂತೆ ಆಗಬಹುದು. ಹಣವನ್ನು ಕಂತುಗಳಲ್ಲಿ, ಸಾಧ್ಯವಾದಷ್ಟು ತಡವಾಗಿ ಕಟ್ಟುವುದು, ಕ್ರೆಡಿಟ್ ಕಾರ್ಡಿನ ಮೂಲಕ ಕಟ್ಟಿ ಸೇವೆ ದೊರೆಯದಿದ್ದಲ್ಲಿ ಬ್ಯಾಂಕಿನಲ್ಲಿ ತಕರಾರು ಸಲ್ಲಿಸುವ ಅವಕಾಶ ಉಳಿಸಿಕೊಳ್ಳುವುದು ಜಾಣತನ.

ವೀಸಾ ಮತ್ತು ದಾಖಲೆಗಳು

ಹಡಗು ಒಂದೇ ಯಾನದಲ್ಲಿ ನಾಲ್ಕಾರು ದೇಶಗಳನ್ನು ಮುಟ್ಟುತ್ತದೆ. ಭಾರತೀಯ ಪಾಸ್‌ಪೋರ್ಟ್ ಉಳ್ಳವರು ಬಂದರಿನಲ್ಲಿ ಇಳಿಯದೆ ಹಡಗಿನಲ್ಲೇ ಉಳಿಯುವುದಾದರೂ, ಆ ದೇಶದ ವೀಸಾ ಇಲ್ಲದಿದ್ದರೆ ಆರಂಭದಲ್ಲೇ ಹತ್ತಗೊಡದಿರುವ ಸಂಭವವುಂಟು. ಹೀಗೆ ತಡೆದಲ್ಲಿ ಹಣ ಮರಳುವುದಿಲ್ಲ. ಸರಿಯಾದ ದಾಖಲೆ ಹೊಂದುವುದು ಪ್ರಯಾಣಿಕನ ಹೊಣೆ ಎಂದು ಕರಾರು ಸ್ಪಷ್ಟವಾಗಿ ಹೇಳಿರುತ್ತದೆ.

ಹೆಚ್ಚು ಜನ ಎಡವುವುದು ‘ಒಂದು ಬಾರಿಯ ಪ್ರವೇಶ’ದ ವೀಸಾದಲ್ಲಿ. ಬಾರ್ಸಿಲೋನಾದಿಂದ ಹೊರಟು ಟ್ಯುನೀಷಿಯಾವನ್ನೋ ತುರ್ಕಿಯನ್ನೋ ಮುಟ್ಟಿ ಮತ್ತೆ ಇಟಲಿಗೆ ಬರುವ ಯಾನದಲ್ಲಿ, ಪ್ರಯಾಣಿಕನು ಷೆಂಗೆನ್ ವಲಯದಿಂದ ಹೊರಬಿದ್ದು ಮರುಪ್ರವೇಶ ಮಾಡುತ್ತಾನೆ. ಇದಕ್ಕೆ ಬಹುಪ್ರವೇಶದ ವೀಸಾ ಅವಶ್ಯ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಕಡ್ಡಾಯ. ಪಾಸ್‌ಪೋರ್ಟು ಯಾನ ಮುಗಿದ ಮೇಲೂ 6 ತಿಂಗಳು ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳಬೇಕು. ಆಫ್ರಿಕ, ದಕ್ಷಿಣ ಅಮೆರಿಕಗಳ ಕೆಲವು ದೇಶಗಳನ್ನು ಮುಟ್ಟಿ ಬರುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಹೊಂದಿರದಿದ್ದರೆ ಭಾರತಕ್ಕೆ ಮರಳಿದಾಗ ಪ್ರತ್ಯೇಕವಾಸಕ್ಕೆ ಒಳಗಾಗಬಹುದು. ಲಸಿಕೆ ಹಾಕಿಸಿ 10 ದಿನಗಳ ನಂತರವಷ್ಟೇ ಆ ಪತ್ರ ಊರ್ಜಿತವಾಗುತ್ತದೆ.

ಆರೋಗ್ಯ ಮತ್ತು ವಿಮೆ

ಸಮುದ್ರದ ಪಿತ್ತೋದ್ರೇಕ, ಅಂದರೆ ತಲೆಸುತ್ತು-ವಾಂತಿ, ಹೊಸಬರ ಮೊದಲ ಭಯ. ಇಂದಿನ ಹಡಗುಗಳಲ್ಲಿ ಸ್ಟೆಬಿಲೈಜರ್ ಎಂಬ ರೆಕ್ಕೆಗಳು ಪಕ್ಕಕ್ಕೆ ಓಲಾಡುವುದನ್ನು ಬಹಳಷ್ಟು ತಗ್ಗಿಸುತ್ತವೆ. ಹಡಗಿನ ಮಧ್ಯಭಾಗದ ಕೆಳಗಿನ ಅಂತಸ್ತುಗಳಲ್ಲಿ ಅಲುಗಾಟ ಕಡಿಮೆ. ಮುಂಭಾಗದ ಮೇಲಿನ ಅಂತಸ್ತುಗಳಲ್ಲಿ ಅಧಿಕ. ಹೆಚ್ಚು ಹಣ ತೆತ್ತು ಮೇಲಿನ ಕೊಠಡಿ ಕೊಳ್ಳುವುದಕ್ಕಿಂತ ಹಿರಿಯರಿಗೆ ಮಧ್ಯದ ಕೆಳಗಿನ ಕೊಠಡಿಯೇ ಹಿತಕರ.

ಎರಡನೆಯದು ಹೊಟ್ಟೆಯ ಸೋಂಕು. ನೊರೋ ವೈರಾಣು ಮುಚ್ಚಿದ ಜಾಗದಲ್ಲಿ ಬೇಗನೆ ಹರಡುತ್ತದೆ. ಕೈಗೆ ಹಚ್ಚುವ ಸ್ಪಿರಿಟಿನ ದ್ರಾವಣ ಅದರ ಮೇಲೆ ಅಷ್ಟು ಪರಿಣಾಮಕಾರಿಯಲ್ಲ. ಸೋಪು ಹಾಕಿ ನೀರಿನಲ್ಲಿ ತೊಳೆಯುವುದೇ ಉತ್ತಮ. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳನ್ನು ಅಲ್ಲಿನ ಸಿಡಿಸಿ ಸಂಸ್ಥೆಯು 100 ಅಂಕಗಳಿಗೆ ತಪಾಸಣೆ ಮಾಡುತ್ತ ಬಂದಿದೆ. 86 ಅಥವಾ ಹೆಚ್ಚು ಬಂದರೆ ತೇರ್ಗಡೆ. ಪ್ರಕಟಿತವಾಗುವ ಈ ಅಂಕಗಳನ್ನು ಹಡಗು ಆರಿಸುವ ಮುನ್ನ ನೋಡಬಹುದು. ಸೋಂಕು ಕೈಮೀರಿದರೆ ಏನಾಗುವುದೆಂಬುದನ್ನು 2020ರ ಫೆಬ್ರವರಿಯಲ್ಲಿ ಯೊಕೊಹಾಮಾದಲ್ಲಿ ನಿಂತ ‘ಡೈಮಂಡ್ ಪ್ರಿನ್ಸೆಸ್’ ತೋರಿಸಿತು. ಅದರಲ್ಲಿದ್ದ 3,711 ಜನರಲ್ಲಿ 700ಕ್ಕೂ ಹೆಚ್ಚು ಜನರಿಗೆ ಕೋವಿಡ್ ತಗುಲಿತು. ಸಿಬ್ಬಂದಿಯೂ ಸೇರಿ 138 ಭಾರತೀಯರು ಆ ಹಡಗಿನಲ್ಲಿದ್ದರು.

ಹಡಗಿನಲ್ಲಿ ವೈದ್ಯರು, ಸಣ್ಣ ಚಿಕಿತ್ಸಾಲಯ ಇರುತ್ತವೆ. ಆದರೆ ಅದು ಆಸ್ಪತ್ರೆಯಲ್ಲ, ಉಚಿತವೂ ಅಲ್ಲ. ಬಿಲ್ಲು ಡಾಲರಿನಲ್ಲಿ ಖಾತೆಗೆ ಬೀಳುತ್ತದೆ. ಹೃದಯಾಘಾತದಂತಹ ಸಂದರ್ಭದಲ್ಲಿ ಹೆಲಿಕಾಪ್ಟರಿನಲ್ಲಿಯೋ ಹತ್ತಿರದ ಬಂದರಿನ ಮೂಲಕವೋ ಸಾಗಿಸಬೇಕಾಗುತ್ತದೆ. ಊರಿನಲ್ಲಿ ಮಾಡಿಸಿದ ಸಾಮಾನ್ಯ ಆರೋಗ್ಯ ವಿಮೆ ಬಹುತೇಕ ದೇಶದೊಳಗಿನ ಚಿಕಿತ್ಸೆಗೆ ಸೀಮಿತ. ಆದುದರಿಂದ ಪ್ರವಾಸ ವಿಮೆ ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳಿ ಲಿಖಿತ ಉತ್ತರ ಪಡೆಯಬೇಕು: ಹಡಗು ಯಾನಕ್ಕೆ ಇದು ಅನ್ವಯಿಸುವುದೇ? ತುರ್ತು ಸಾಗಣೆಯ ಮಿತಿ ಎಷ್ಟು? ಈಗಾಗಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ತಲೆದೋರುವ ತೊಂದರೆಗೆ ರಕ್ಷಣೆ ಇದೆಯೇ? ಮೂರನೆಯ ಪ್ರಶ್ನೆಯನ್ನು ಕೇಳದೆ ಹೋದುದರಿಂದಲೇ ಎಷ್ಟೋ ಕ್ಲೇಮುಗಳು ತಿರಸ್ಕೃತವಾಗುತ್ತವೆ. ಗರ್ಭಿಣಿಯರನ್ನು 24 ವಾರಗಳ ನಂತರ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. 6 ತಿಂಗಳೊಳಗಿನ ಶಿಶುಗಳಿಗೂ ಸಾಮಾನ್ಯವಾಗಿ ಅವಕಾಶವಿಲ್ಲ.

ಊಟ ಮತ್ತು ಸಾಮಾನು

ಸಸ್ಯಾಹಾರಿ, ಜೈನ ಆಹಾರ ಭಾರತೀಯರು ಹೆಚ್ಚಾಗಿ ಹೋಗುವ ಯಾನಗಳಲ್ಲಿ ದೊರೆಯುತ್ತದೆ. ಇತರ ಯಾನಗಳಲ್ಲಿ ಮುಂಗಡ ಕಾದಿರಿಸುವಾಗಲೇ ಲಿಖಿತವಾಗಿ ತಿಳಿಸಿ, ಹತ್ತಿದ ಮೊದಲ ದಿನವೇ ಊಟದ ಮನೆಯ ಮೇಲ್ವಿಚಾರಕರಿಗೆ ಮತ್ತೊಮ್ಮೆ ನೆನಪಿಸಬೇಕು. ನಮ್ಮವರ ಪೆಟ್ಟಿಗೆಯಲ್ಲಿ ಚಟ್ನಿಪುಡಿಯೊಂದಿಗೆ ವಿದ್ಯುತ್ ಕೆಟಲು, ಸಣ್ಣ ಅನ್ನದ ಕುಕ್ಕರು, ಇಸ್ತ್ರಿಪೆಟ್ಟಿಗೆ ಇರುವುದು ವಾಡಿಕೆ. ಬೆಂಕಿಯ ಭಯದಿಂದ ಹಡಗುಗಳಲ್ಲಿ ಇವು ನಿಷಿದ್ಧ. ತಪಾಸಣೆಯಲ್ಲಿ ಕಂಡರೆ ತೆಗೆದಿಟ್ಟುಕೊಂಡು ಕೊನೆಯ ದಿನ ಮರಳಿಸುತ್ತಾರೆ. ದಿನನಿತ್ಯದ ಔಷಧಗಳನ್ನು ಮಾತ್ರ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಡಬೇಕು. ದೊಡ್ಡ ಪೆಟ್ಟಿಗೆಗಳು ಕೊಠಡಿಗೆ ತಲುಪುವಾಗ ಸಂಜೆಯಾಗುವುದುಂಟು.

ಹಡಗು ಕಾಯುವುದಿಲ್ಲ

ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಪ್ರಯಾಣಿಕರನ್ನು ಕರಾವಳಿಯ ವರ್ತಕರು ಕಂಡಿದ್ದಾರೆ. ಬೆಳಗ್ಗೆ ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್‌ಗಳನ್ನು ನೋಡಿ, ಗೇರುಬೀಜವನ್ನೋ ಸೀರೆಯನ್ನೋ ಕೊಂಡು, ಕೈಗಡಿಯಾರ ನೋಡುತ್ತಲೇ ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಅವರ ಆತುರಕ್ಕೆ ಕಾರಣವಿದೆ. ಕಂಪನಿಯೇ ಏರ್ಪಡಿಸಿದ ವಿಹಾರ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತ ವಾಹನದಲ್ಲಿ ಹೋದವರಿಗೆ ಕಾಯುವುದಿಲ್ಲ. 2024ರ ಮಾರ್ಚಿನಲ್ಲಿ ಆಫ್ರಿಕದ ಸಾವೊ ಟೊಮೆ ದ್ವೀಪದಲ್ಲಿ ಖಾಸಗಿ ವಿಹಾರಕ್ಕೆ ಹೋಗಿ ತಡವಾಗಿ ಬಂದ 8 ಪ್ರಯಾಣಿಕರನ್ನು ಬಿಟ್ಟು ‘ನಾರ್ವೇಜಿಯನ್ ಡಾನ್’ ಹಡಗು ಹೊರಟುಹೋಯಿತು. ಅವರು ಹಲವು ದೇಶಗಳನ್ನು ಸುತ್ತಿ ಸೆನೆಗಲ್‌ನಲ್ಲಿ ಹಡಗನ್ನು ಸೇರಬೇಕಾಯಿತು.

ಹಡಗಿನ ಗಡಿಯಾರ ಮತ್ತು ಊರಿನ ಗಡಿಯಾರ ಬೇರೆಯಾಗಿರಬಹುದು. ಆದುದರಿಂದ ಇಳಿಯುವಾಗ ಹಡಗಿನ ವೇಳೆಯನ್ನೇ ಅನುಸರಿಸಬೇಕು. ಇಳಿಯುವಾಗ ಪಾಸ್‌ಪೋರ್ಟಿನ ನಕಲು ಪ್ರತಿ, ಬಂದರಿನ ಏಜೆಂಟರ ದೂರವಾಣಿ ಸಂಖ್ಯೆ, ಸ್ವಲ್ಪ ನಗದು ಜೊತೆಗಿರಲಿ. ಆಳವಿಲ್ಲದ ಬಂದರುಗಳಲ್ಲಿ ಸಣ್ಣ ದೋಣಿಗಳಲ್ಲಿ ಇಳಿಸುವುದರಿಂದ ಗಾಲಿಕುರ್ಚಿ ಬಳಸುವವರಿಗೆ ಇಳಿಯಲಾಗದಿರಬಹುದು. ಯಾನ ಆರಂಭವಾಗುವ ಊರಿಗೆ ಒಂದು ದಿನ ಮೊದಲೇ ತಲುಪುವುದು ಕ್ಷೇಮ. ವಿಮಾನ ತಡವಾಗಿ ಹಡಗು ತಪ್ಪಿದರೆ ಆ ನಷ್ಟವೂ ಪ್ರಯಾಣಿಕನದೇ.

ಹಡಗು ಬಂದರನ್ನು ಬಿಟ್ಟು ಮುಂದೆ ಸಾಗುವ ಅಧಿಕಾರ ಕಪ್ತಾನನಿಗಿದೆ. ಬಿರುಗಾಳಿ, ಯುದ್ಧ, ಬಂದರಿನ ಮುಷ್ಕರ ಯಾವುದೇ ಇರಲಿ, ಪ್ರಯಾಣಿಕನಿಗೆ ಸಾಮಾನ್ಯವಾಗಿ ಮರಳುವುದು ಆ ಬಂದರಿನ ಶುಲ್ಕ ಮಾತ್ರ. ಕೆಂಪು ಸಮುದ್ರದಲ್ಲಿ ಹೂತಿಗಳ ದಾಳಿಯಿಂದಾಗಿ 2024ರ ಆರಂಭದಲ್ಲಿ ಅನೇಕ ಕಂಪನಿಗಳು ಯಾನಗಳನ್ನು ರದ್ದುಪಡಿಸಿದವು ಅಥವಾ ಮಾರ್ಗ ಬದಲಿಸಿದವು. ಒಂದು ನಿರ್ದಿಷ್ಟ ಊರನ್ನು ನೋಡಲೇಬೇಕೆಂಬ ಆಸೆಯಿದ್ದವರು ವಿಮಾನದಲ್ಲಿ ಹೋಗುವುದೇ ಲೇಸು.

ಸುರಕ್ಷತೆಯ ಅರ್ಧ ಗಂಟೆ

2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು ವಾಲಿತು. ಸುಮಾರು 4,200 ಜನರಲ್ಲಿ 32 ಮಂದಿ ಅಸುನೀಗಿದರು. ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ತುರ್ತು ಕವಾಯತು ಇನ್ನೂ ನಡೆದಿರಲಿಲ್ಲ. 24 ಗಂಟೆಗಳೊಳಗೆ ನಡೆಸಿದರೆ ಸಾಕೆಂಬುದು ಆಗಿನ ನಿಯಮವಾಗಿತ್ತು. ಈ ದುರಂತದ ತರುವಾಯ ಅಂತರರಾಷ್ಟ್ರೀಯ ನಿಯಮ ತಿದ್ದುಪಡಿಯಾಯಿತು. 2015ರ ಜನವರಿ 1ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಕವಾಯತು ಕಡ್ಡಾಯವಾಗಿದೆ. ಏಳು ಗಿಡ್ಡ, ಒಂದು ದೀರ್ಘ ಸಿಳ್ಳು ಕೇಳಿದರೆ ಅದು ತುರ್ತು ಸೂಚನೆ. ಕೊಠಡಿಯಿಂದ ಸೇರುವ ಸ್ಥಳಕ್ಕೆ ಮೆಟ್ಟಿಲ ಮೂಲಕ ಒಮ್ಮೆ ನಡೆದು ನೋಡುವುದು, ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ ಕೇಳಿ ಪಡೆಯುವುದು, ಇವಕ್ಕೆ ಅರ್ಧ ಗಂಟೆ ಸಾಕು.

2013ರ ಫೆಬ್ರವರಿಯಲ್ಲಿ ಎಂಜಿನ್ ಕೋಣೆಯ ಬೆಂಕಿಯಿಂದ ‘ಕಾರ್ನಿವಲ್ ಟ್ರಯಂಫ್’ ಮೆಕ್ಸಿಕೊ ಕೊಲ್ಲಿಯಲ್ಲಿ ದಿನಗಟ್ಟಲೆ ಅಸಹಾಯಕವಾಗಿ ತೇಲಿತು. ಶೌಚಾಲಯಗಳೂ ಕೆಟ್ಟು ಪ್ರಯಾಣಿಕರು ನರಳಿದರು. ಅದೇ ವರ್ಷದ ಮೇ ತಿಂಗಳಲ್ಲಿ ಕ್ಲಿಯಾ ಪ್ರಯಾಣಿಕರ ಹಕ್ಕುಪತ್ರವನ್ನು ಅಂಗೀಕರಿಸಿತು. ಯಂತ್ರದೋಷದಿಂದ ಯಾನ ರದ್ದಾದರೆ ಪೂರ್ಣ ಹಣ, ನಡುವೆ ನಿಂತರೆ ಭಾಗಶಃ ಹಣ ಮರಳಿಸುವ ಭರವಸೆ ಅದರಲ್ಲಿದೆ. ಆರಿಸುವ ಕಂಪನಿ ಈ ಪತ್ರಕ್ಕೆ ಬದ್ಧವಾಗಿದೆಯೇ ಎಂದು ಕೇಳುವುದು ಸೂಕ್ತ.

ಡೀಲರುಗಳ ಪ್ರವಾಸ: ಲೆಕ್ಕಪುಸ್ತಕದ ಕರ್ತವ್ಯ

ಸಂಸ್ಥೆಯ ವೆಚ್ಚದಲ್ಲಿ ಡೀಲರುಗಳನ್ನು ಕರೆದೊಯ್ಯುವವರು ತೆರಿಗೆ ಕಡಿತದ ನಿಯಮವನ್ನು ಮರೆಯುವಂತಿಲ್ಲ. 2022ರ ಜುಲೈ 1ರಿಂದ, ವ್ಯಾಪಾರ ಅಥವಾ ವೃತ್ತಿಯ ಸಂಬಂಧವಾಗಿ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿಗೆ ಮೀರಿದ ಸೌಲಭ್ಯ ನೀಡಿದರೆ ಶೇಕಡ 10ರಂತೆ ತೆರಿಗೆ ಕಡಿತ ಮಾಡಬೇಕೆಂದು 1961ರ ಆದಾಯ ತೆರಿಗೆ ಕಾಯ್ದೆಯ 194ಆರ್ ಕಲಮು ವಿಧಿಸಿತು. 2025ರ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬೇರೆಯಾದರೂ ಕರ್ತವ್ಯ ಮುಂದುವರಿದಿದೆ. ಹಿಂದಿನ ವರ್ಷದ ವ್ಯಾಪಾರದ ವಹಿವಾಟು 1 ಕೋಟಿಗೆ ಮೀರದ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬಕ್ಕೆ ಮಾತ್ರ ವಿನಾಯಿತಿ.

ತಲಾ ವೆಚ್ಚ 1,50,000 ರೂಪಾಯಿ ಎಂದಾದರೆ ತೆರಿಗೆ 15,000. ಸೌಲಭ್ಯವು ನಗದಲ್ಲದ ಕಾರಣ, ಡೀಲರು ಈ ತೆರಿಗೆ ಕಟ್ಟಿದ ಪುರಾವೆ ಪಡೆದ ಮೇಲೆಯೇ ಟಿಕೇಟು ಕೊಡತಕ್ಕದ್ದು. ತಯಾರಕರೇ ಭರಿಸುವುದಾದರೆ ಆ ತೆರಿಗೆಯೂ ಸೌಲಭ್ಯವಾಗಿ 16,667 ರೂಪಾಯಿ ಆಗುತ್ತದೆ. ಡೀಲರು ಪ್ರವಾಸದ ಮೌಲ್ಯವನ್ನು ತನ್ನ ಆದಾಯದಲ್ಲಿ ತೋರಿಸಬೇಕು.

ಹಡಗಿನಲ್ಲೇ ಸಮ್ಮೇಳನ ನಡೆಸಿದರೆ ಇದು ತಪ್ಪುವುದೇ ಎಂಬ ಪ್ರಶ್ನೆ ಸಹಜ. ಕೇಂದ್ರ ನೇರ ತೆರಿಗೆ ಮಂಡಲಿಯ 2022ರ 12ನೆಯ ಸುತ್ತೋಲೆಯಂತೆ, ಉತ್ಪನ್ನಗಳ ಪರಿಚಯ, ಮಾರಾಟದ ತರಬೇತಿ, ಡೀಲರುಗಳ ಅಹವಾಲು ಇತ್ಯಾದಿಗಳೇ ಪ್ರಧಾನ ಉದ್ದೇಶವಾಗಿರುವ ಸಮ್ಮೇಳನದ ವೆಚ್ಚ ಸೌಲಭ್ಯವಲ್ಲ. ಆದರೆ ಗುರಿ ಮುಟ್ಟಿದವರಿಗಷ್ಟೇ ಬಹುಮಾನದಂತೆ ಏರ್ಪಡಿಸಿದ ಸಮ್ಮೇಳನ, ವಿರಾಮ ವಿಹಾರದ ಭಾಗ, ಜೊತೆಗೆ ಬಂದ ಕುಟುಂಬದವರ ವೆಚ್ಚ ಇವು ಸೌಲಭ್ಯಗಳೇ. ನಾಲ್ಕು ದಿನಗಳ ಯಾನದಲ್ಲಿ ಒಂದು ಗಂಟೆಯ ಭಾಷಣವಿಟ್ಟು ಅದನ್ನು ಸಮ್ಮೇಳನವೆಂದು ಬರೆಯುವುದು ತನಿಖೆಯಲ್ಲಿ ನಿಲ್ಲಲಾರದು.

ಹಣ ಕಟ್ಟುವ ಮುನ್ನ

ಇಷ್ಟನ್ನೂ ಓದಿದ ಮೇಲೆ ಹಡಗಿನ ಪ್ರಯಾಣವೇ ಬೇಡವೆಂದು ತೀರ್ಮಾನಿಸಬೇಕಾಗಿಲ್ಲ. ಒಮ್ಮೆ ಪೆಟ್ಟಿಗೆ ಬಿಚ್ಚಿ ಹಲವು ಊರುಗಳನ್ನು ನೋಡುವ ಅನುಕೂಲ, ಮೂರು ತಲೆಮಾರಿನವರು ಒಂದೆಡೆ ಕಳೆಯುವ ದಿನಗಳು, ದಿಗಂತದವರೆಗೆ ಹಬ್ಬಿದ ನೀರಿನ ಮೇಲಿನ ಸೂರ್ಯೋದಯ ಇವು ಬೇರೆ ಪ್ರವಾಸಗಳಲ್ಲಿ ಸುಲಭವಾಗಿ ದೊರೆಯುವಂಥವಲ್ಲ. ಪ್ರತಿವರ್ಷ ಕೋಟ್ಯಂತರ ಜನರು ಹೋಗಿ ಸುಖವಾಗಿ ಮರಳುತ್ತಿದ್ದಾರೆ.

ಹಣ ಕಟ್ಟುವ ಮುನ್ನ ಒಂದು ಕಡತದಲ್ಲಿ ಈ ಕೆಳಗಿನವು ಇರುವಂತೆ ನೋಡಿಕೊಂಡರೆ ಸಾಕು:

1. ಪ್ರಯಾಣಿಕ ಕರಾರಿನ ಪೂರ್ಣ ಪ್ರತಿ. ರದ್ದತಿ, ನ್ಯಾಯಾಲಯ, ಗಡುವಿನ ಕಲಮುಗಳಿಗೆ ಗುರುತು ಹಾಕಿದ್ದು.
2. ಎಲ್ಲ ಬಾಬುಗಳನ್ನು ಸೇರಿಸಿದ ಅಂತಿಮ ವೆಚ್ಚದ ಪಟ್ಟಿ.
3. ಏಜೆಂಟರ ಜಿಎಸ್‌ಟಿ ಬಿಲ್ಲು, ಟಿಸಿಎಸ್ ವಿವರ.
4. ಪ್ರತಿ ಬಂದರಿಗೂ ಬೇಕಾದ ವೀಸಾ, ಪ್ರವೇಶದ ಸಂಖ್ಯೆ.
5. ವಿಮಾಪತ್ರ ಹಾಗೂ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ.
6. ಸಂಸ್ಥೆಯ ಪ್ರವಾಸವಾದರೆ ತೆರಿಗೆ ಕಡಿತದ ಚಲನ್.

ಈ ಆರು ಕಾಗದಗಳನ್ನು ಕೂಡಿಸಲು ಒಂದು ವಾರ ಸಾಕು. ಸರಕಿನ ಆರ್ಡರಿಗೆ ತೋರುವ ಎಚ್ಚರವನ್ನು ಈ ಟಿಕೇಟಿಗೂ ತೋರಿದ ವರ್ತಕನು, ಹಡಗು ಹತ್ತಿದ ಮೇಲೆ ಲೆಕ್ಕದ ಚಿಂತೆಯಿಲ್ಲದೆ ಸಮುದ್ರವನ್ನು ನೋಡುತ್ತ ಕುಳಿತುಕೊಳ್ಳಬಹುದು.